ಅಮಾವಾಸ್ಯೆಯ ಸೈರನ್

ನಮ್ಮ ಮನೆಯ ನಡುಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಗೂಟಕ್ಕೆ, ಒಂದು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ನೇತಾಡುತ್ತಿದೆ. ನೀರಿಗೆ ಬಿದ್ದವರನ್ನು ಮುಳುಗದಂತೆ ತೇಲಿಸುವ ಅಂಗಿ ಅದು. ಲೈಫ್ ಜಾಕೆಟ್ ಅನ್ನುತ್ತಾರೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಗಾತ್ರವನ್ನು ನೋಡುತ್ತಾರೆ, ಕೊನೆಗೆ ಕೇಳಿಯೇ ಬಿಡುತ್ತಾರೆ: "ಈ ವಯಸ್ಸಿನ್ಯಾಗ ಈಜು ಕಲ್ಯಾಕತ್ತೀರೇನ್ರಿ ಅಕ್ಕೋರ?"

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ರಬಕವಿಯಲ್ಲಿ ಒಮ್ಮೆ ಶಿಕ್ಷಕಿಯಾದವಳು ಸಾಯುವವರೆಗೂ ಅಕ್ಕೋರೇ. ಈ ಅಂಗಿಯನ್ನು ನಾನು ಒಮ್ಮೆಯೂ ತೊಟ್ಟಿಲ್ಲ. ನಮ್ಮ ಯಜಮಾನರು ಮಾತ್ರ ಅದನ್ನು ಬೆನ್ನಿಗೆ ಒತ್ತು ಕೊಟ್ಟುಕೊಂಡು ಟೀವಿ ನೋಡುತ್ತಾರೆ; ಅವರ ಸೊಂಟನೋವು ಕಡಿಮೆಯಾಗಿದೆ. ವಿಪತ್ತು ನಿರ್ವಹಣೆಗೆಂದು ಊರಿಗೆ ಬಂದ ಸಾಮಾನುಗಳಲ್ಲಿ ಒಂದಾದರೂ ಯಾರದೋ ನೋವಿಗೆ ಆಗಿಬಂತಲ್ಲ ಎಂದು ನಾನೂ ಸುಮ್ಮನಿದ್ದೇನೆ.

ಅದು ಸಿಕ್ಕ ಬಗೆ ಹೇಳುತ್ತೇನೆ. ನಮ್ಮ ವಾರ್ಡಿಗೊಂದು ವಿಪತ್ತು ನಿರ್ವಹಣಾ ಸಮಿತಿಯಾಯಿತು. ಅದರ ಅಧ್ಯಕ್ಷರು ನೂಲಿನ ವ್ಯಾಪಾರಸ್ಥರು, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿಯವರು. ಒಂದು ದಿನ ಮನೆಗೆ ಬಂದು, ಚಹಾ ಕುಡಿದು, "ಒಬ್ಬರು ಹೆಣ್ಣಮಗಳು ಬೇಕಂತ ಮ್ಯಾಲಿಂದ ಬಂದೈತ್ರಿ. ನೀವು ಸುಮ್ಮ ಬಂದು ಕುಂತ್ರ ಸಾಕು" ಎಂದರು. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ ಎಂಬುದು ಊರಿಗೆಲ್ಲ ಗೊತ್ತು. ಅಧ್ಯಕ್ಷರಿಗೆ ಗೊತ್ತಿರಲಿಲ್ಲ, ಅವರು ನನ್ನ ಶಾಲೆಯಲ್ಲಿ ಕಲಿತವರಲ್ಲ.

ಮೊದಲ ತರಬೇತಿ ಮುಧೋಳದಲ್ಲಿ. ಜಮಖಂಡಿಯವರು, ಬೀಳಗಿಯವರು, ನಾವು, ಎಲ್ಲರೂ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಒಂದು ಮಂಗಲ ಕಾರ್ಯಾಲಯದಲ್ಲಿ ಕೂತೆವು. ಬಾಗಿಲಿಗೆ ಹಿಂದಿನ ದಿನದ ಮದುವೆಯ ಹೂಮಾಲೆ ಇನ್ನೂ ಬಾಡದೆ ಇತ್ತು. ತರಬೇತಿ ಕೊಡುವ ಸಾಹೇಬರು ಗೋಡೆಯ ಮೇಲೆ ಚಿತ್ರ ಬಿಟ್ಟು, ಚಂಡಮಾರುತ ಬಂದಾಗ ಏನು ಮಾಡಬೇಕೆಂದು ಊಟದ ಹೊತ್ತಿನವರೆಗೆ ಹೇಳಿದರು. ಮೀನುಗಾರರು ದೋಣಿಯನ್ನು ದಡಕ್ಕೆ ಎಳೆದು ಕಟ್ಟಬೇಕಂತೆ. ತೆಂಗಿನ ಮರದ ಕೆಳಗೆ ನಿಲ್ಲಬಾರದಂತೆ. ನಮಗೂ ಸಮುದ್ರಕ್ಕೂ ನಡುವೆ ಪೂರ್ತಿ ಸಹ್ಯಾದ್ರಿ ಬಿದ್ದುಕೊಂಡಿದೆ ಎಂದು ಅವರಿಗೆ ಮೊದಮೊದಲು ಯಾರೂ ಹೇಳಲಿಲ್ಲ. ಹೇಳುವುದು ಮರ್ಯಾದೆಯಲ್ಲ ಎಂದು ನಾವೆಲ್ಲ ತಲೆದೂಗಿದೆವು. ಹೊಳೆಯ ದಂಡೆಯ ಅನಗವಾಡಿ ಕಡೆಯಿಂದ ಬಂದ ಹಿರಿಯರೊಬ್ಬರು ಎದ್ದು, "ಸಾಹೇಬ್ರ, ನಮ್ಮಲ್ಲಿ ಹೊಳಿ ಬರತೈತ್ರಿ, ಸಮುದ್ರ ಬರೂದಿಲ್ಲ" ಎಂದಾಗ, "ಪ್ರಶ್ನೆಗಳನ್ನು ಕೊನೆಯಲ್ಲಿ ಕೇಳಿ" ಎಂದು ಕೂರಿಸಿದರು. ಕೊನೆ ಎಂಬುದು ಬರಲೇ ಇಲ್ಲ, ಅಷ್ಟರಲ್ಲಿ ಸುಸಲಾ ಮಿರ್ಚಿ ಬಂದಿತ್ತು.

ತಿಂದ ಮೇಲೆ ಅರ್ಧ ಜನ ತಿಮ್ಮಾಪುರಕ್ಕೆ ಮುಧೋಳ ನಾಯಿಗಳನ್ನು ನೋಡಲು ಹೋದರು. ಅವರನ್ನು ನಾನು ಬಯ್ಯುವುದಿಲ್ಲ. ಆ ನಾಯಿಗಳು ಯಾರಿಗೂ ಉಪನ್ಯಾಸ ಕೊಡುವುದಿಲ್ಲ.

ಉಳಿದ ನಮಗೆ ಹಳದಿ ಚೀಟಿಗಳನ್ನು ಹಂಚಿದರು. ಇದಕ್ಕೆ ಸಮುದಾಯದ ಸಹಭಾಗಿತ್ವ ಎಂದು ಹೆಸರು. ನಿಮ್ಮ ಮನಸ್ಸಿನ ಚಿಂತೆಯನ್ನು ಚೀಟಿಯ ಮೇಲೆ ಬರೆದು ಗೋಡೆಯ ದೊಡ್ಡ ಕಾಗದಕ್ಕೆ ಅಂಟಿಸಿದರೆ ನೀವು ಭಾಗವಹಿಸಿದಂತಾಯಿತು. ನಾನು ಬರೆದೆ: "ನಮ್ಮ ಚಿಗವ್ವನಿಗೆ ಕಿವಿ ಕೇಳುವುದಿಲ್ಲ. ನಡೆಯಲು ಬರುವುದಿಲ್ಲ. ಹಳ್ಳದ ಓಣಿಯ ಕಟ್ಟಕಡೆಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ನೀರು ಬಂದರೆ ಅವಳನ್ನು ಯಾರು ಎತ್ತಬೇಕು?" ಸಾಹೇಬರು ಅದನ್ನು ಗಟ್ಟಿಯಾಗಿ ಓದಿ, "ತುಂಬಾ ಒಳ್ಳೆಯ ಪ್ರಶ್ನೆ" ಎಂದರು. ಚಪ್ಪಾಳೆಯಾಯಿತು. ಆ ಕಾಗದವನ್ನು ಸುತ್ತಿ, ರಬ್ಬರ್ ಹಾಕಿ, ಕಾರಿನಲ್ಲಿಟ್ಟುಕೊಂಡು ಹೋದರು. ನನ್ನ ಚಿಗವ್ವ ಹಾಗೆ ರಬ್ಬರಿನೊಳಗೆ ಸುತ್ತಿಕೊಂಡು ಯಾವ ಊರಿಗೆ ಹೋದಳೋ ನಾ ಕಾಣೆ. ಮರಳಿ ಬರುವಾಗ ವಾರ್ಡಿಗೊಂದರಂತೆ ಲೈಫ್ ಜಾಕೆಟ್ಟು ಕೊಟ್ಟರು. ಇಡೀ ವಾರ್ಡು ಮುಳುಗಿದರೆ ಅದನ್ನು ಸರದಿಯ ಮೇಲೆ ತೊಡಬೇಕೇನೋ. ಅಧ್ಯಕ್ಷರಿಗೆ ಅದು ಬಿಗಿಯಾಯಿತೆಂದು ನನ್ನ ಪಾಲಿಗೆ ಬಂತು.

ಚಿಗವ್ವ ಎಂದರೆ ನಮ್ಮವ್ವನ ತಂಗಿ ನೀಲವ್ವ. ಅವಳ ಮಾತು ಬಂದರೆ ನನಗೆ ಪರಕಾರ ಉಟ್ಟು ಓಡಾಡುತ್ತಿದ್ದ ನನ್ನ ಚಿಕ್ಕಂದಿನ ದಿನಗಳು ನೆನಪಾಗುತ್ತವೆ. ಆಗ ನಮ್ಮ ಹಳ್ಳದ ಓಣಿಯಲ್ಲಿ ಇದ್ದುದೆಲ್ಲ ಕುಣಿಮಗ್ಗ. ನೆಲದಲ್ಲಿ ಸೊಂಟದಾಳದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು, ಕುಣಿಯ ಅಂಚಿಗೆ ಕೂತು ನೇಯುವುದು. ಬೇಸಿಗೆಯ ಮಧ್ಯಾಹ್ನ ನಾನೂ ಚಿಗವ್ವನ ಕುಣಿಗೆ ಇಳಿದು ಅವಳ ಕಾಲ ಬಳಿ ಮಲಗುತ್ತಿದ್ದೆ. ಅಷ್ಟು ತಂಪು ಮತ್ತೆಲ್ಲೂ ಸಿಕ್ಕಿಲ್ಲ. ನೂಲಿನ ಗಂಜಿಯ ಹುಳಿವಾಸನೆ, ತಲೆಯ ಮೇಲೆ ಲಾಳಿ ಓಡಾಡುವ ಸದ್ದು, ಅವಳ ಹಿಮ್ಮಡಿಯ ಬಿರುಕು. ಕಂಡಿಕಿ ಸುತ್ತುವುದನ್ನು ತಪ್ಪಿಸಿಕೊಳ್ಳಲು ನಾನು ಅಲ್ಲಿ ಅಡಗಿದ್ದಾಗ ಅವ್ವ ಊರೆಲ್ಲ ಹುಡುಕಿದರೂ ಚಿಗವ್ವ ಬಾಯಿ ಬಿಡುತ್ತಿರಲಿಲ್ಲ. ಲಾಳಿಗೆ ನೂಲು ಸುತ್ತಿಕೊಡುವ ಆ ಕೆಲಸ ಇವತ್ತಿಗೂ ನನಗೆ ನೆಟ್ಟಗೆ ಬರುವುದಿಲ್ಲ.

ಆಮೇಲೆ ಕರೆಂಟಿನ ಮಗ್ಗ ಬಂದವು. ಚಿಗವ್ವನ ಗಂಡ ನಾಲ್ಕು ಹಾಕಿದ. ಅವುಗಳ ನಡುವೆ ನಿಂತು ಅವಳ ಕಿವಿ ಹೋಯಿತು. ಗಂಡ ಹೋದ ಮೇಲೆ ಆ ಮಗ್ಗಗಳನ್ನು ಮಾರಿ, ಮೂಲೆಯಲ್ಲಿ ಮುಚ್ಚಿದ್ದ ಹಳೆಯ ಕುಣಿಯನ್ನು ತೆಗೆಸಿ, ಮತ್ತೆ ಕೈಮಗ್ಗಕ್ಕೆ ಕೂತಳು. ಮಂಡಿ ಹೋದ ಮೇಲೂ ಕೂತಳು. ಬೆಳಿಗ್ಗೆ ಪಕ್ಕದ ಮನೆಯವರು ಹಿಡಿದು ಕುಣಿಗೆ ಇಳಿಸುತ್ತಾರೆ, ಸಂಜೆ ಎತ್ತುತ್ತಾರೆ. ನಮ್ಮ ಮನೆಗೆ ಬಾ ಎಂದರೆ, "ನಿಮ್ಮ ಮನ್ಯಾಗ ಕಾಲ್ ಎಲ್ಲಿ ಇಳಿಬಿಡ್ಲಿ?" ಎನ್ನುತ್ತಾಳೆ.

ಇನ್ನು ಸೈರನ್ನಿನ ಕಥೆ. ನಗರಸಭೆಯ ಆಫೀಸಿನ ಮಾಳಿಗೆಯ ಮೇಲೆ ಒಂದು ದೊಡ್ಡ ಸೈರನ್ನು ಕೂರಿಸಿದರು. ಹೊಳೆ ಏರಿದಾಗ ಅದು ಕೂಗಬೇಕು, ತಗ್ಗಿನ ಓಣಿಗಳವರು ಕೇಳಿ ಎದ್ದು ಶಾಲೆಯ ಕಟ್ಟಡಕ್ಕೆ ಬರಬೇಕು. ಇದನ್ನು ಒಮ್ಮೆ ಆಡಿ ನೋಡಬೇಕೆಂದು ಸಭೆಯಾಯಿತು. ಯಾವ ದಿನ ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ತಡಮಾಡಲಿಲ್ಲ.

"ಅಮಾಸಿ ದಿನಾ ಇಡ್ರಿ. ಮಗ್ಗ ಬಂದ್ ಇರ್ತಾವ, ಮಂದಿ ಖಾಲಿ ಇರ್ತಾರ."

ಎಷ್ಟು ಸರಿಯಾದ ಮಾತು! ನಮ್ಮಲ್ಲಿ ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅಂದು ಮಗ್ಗಕ್ಕೆ ಪೂಜೆ, ಮನೆಯಲ್ಲಿ ಹೋಳಿಗೆ. ಸಭೆಯಲ್ಲಿ ಕೂತವರೆಲ್ಲ ಮಗ್ಗದ ಮನೆಗಳಲ್ಲೇ ಹುಟ್ಟಿ ಬೆಳೆದವರು. ಎಲ್ಲರೂ ಒಪ್ಪಿದೆವು.

ಅಮಾವಾಸ್ಯೆ ಬಂತು. ಹನ್ನೊಂದು ಗಂಟೆಗೆ ಸೈರನ್ನು ಕೂಗಿದರೆ, ಏನು ಹೇಳಲಿ, ಬನಹಟ್ಟಿಯವರೆಗೆ ಕೇಳಿಸಿತಂತೆ! ಹಳ್ಳದ ಓಣಿಯವರು ಹೊಸ ಬಟ್ಟೆ ಉಟ್ಟು, ಹೋಳಿಗೆ ತಿಂದ ಬಾಯಿ ಒರೆಸಿಕೊಳ್ಳುತ್ತ, ಸಾಲಾಗಿ ನಗುತ್ತ ಶಾಲೆಗೆ ಬಂದರು. ಕೆಲವರು ಫೋಟೋಕ್ಕೆಂದು ತಲೆಯ ಮೇಲೆ ಖಾಲಿ ಗಂಟು ಇಟ್ಟುಕೊಂಡಿದ್ದರು. ನೋಡಲು ಬಂದಿದ್ದ ತರಬೇತಿಯ ಸಾಹೇಬರಿಗೆ ಸಂತೋಷವಾಯಿತು. "ಇಷ್ಟು ಜಾಗೃತ ಸಮುದಾಯವನ್ನು ನಾನು ಎಲ್ಲೂ ನೋಡಿಲ್ಲ" ಎಂದರು. ಚಿಗವ್ವ ಬಂದಿರಲಿಲ್ಲ. ನಾನು ಅದನ್ನು ಹೇಳಹೋದೆ. "ಒಬ್ಬರು ಬರದಿದ್ರ ಏನಾತ್ರಿ ಅಕ್ಕೋರ, ಪಾಸಾಗಾಕ ಮೂವತ್ತೈದು ಸಾಕಲ್ರಿ" ಎಂದರು ಅಧ್ಯಕ್ಷರು. ನನಗೇ ಶಾಲೆಯ ಲೆಕ್ಕ!

ಅಮಾವಾಸ್ಯೆ ಬಿಟ್ಟು ಉಳಿದ ಯಾವ ಹಗಲಿನಲ್ಲೂ ಹಳ್ಳದ ಓಣಿಯಲ್ಲಿ ಮಾರು ದೂರದ ಮಾತು ಕೇಳಿಸುವುದಿಲ್ಲ ಎಂಬುದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊರಲ್ಲದ ಊರಿಂದ ಬಂದ ಸಾಹೇಬರನ್ನು ಬಿಡಿ. ಹುಟ್ಟಿದಾಗಿನಿಂದ ಖಟಖಟ ಕೇಳಿ ಕೇಳಿ ಅದು ನಮಗೆ ಸದ್ದೇ ಅಲ್ಲದಂತಾಗಿದೆ. ನೇಕಾರರ ಊರಿಗೆ ಸೈರನ್ನು ಕೂರಿಸಿ, ಮಗ್ಗ ನಿಂತ ದಿನವೇ ಅದನ್ನು ಪರೀಕ್ಷೆ ಮಾಡಿ ಪಾಸು ಮಾಡಿದ ಬುದ್ಧಿವಂತರು ನಾವು. ಆ ಫೋಟೋದಲ್ಲಿ ಚಪ್ಪಾಳೆ ಹೊಡೆಯುತ್ತಿರುವವರ ಮುಂದಿನ ಸಾಲಿನಲ್ಲಿ ನಾನೂ ಇದ್ದೇನೆ, ಬಾಯಿ ತೆರೆದುಕೊಂಡು.

ಶ್ರಾವಣದಲ್ಲಿ ಹೊಳೆ ಬಂತು. ನಮ್ಮ ಕಡೆ ಮಹಾಪೂರ ಮಳೆಯಲ್ಲಿ ಬರುವುದಿಲ್ಲ, ಬಿಸಿಲಿನಲ್ಲಿ ಬರುತ್ತದೆ. ಮಳೆ ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ. ಇಲ್ಲಿ ಹಪ್ಪಳ ಒಣಗಿಸುವಷ್ಟು ಬಿಸಿಲು, ಅದರ ಕೆಳಗೆ ಕೃಷ್ಣೆ ಸದ್ದಿಲ್ಲದೆ ಏರುತ್ತಿರುತ್ತಾಳೆ. ಹೊಳೆ ತುಂಬಿದರೆ ಹಳ್ಳದ ನೀರಿಗೆ ಹೋಗಲು ದಾರಿ ಇಲ್ಲದೆ ಅದು ಹಿಂದಕ್ಕೆ ತಿರುಗಿ ಓಣಿಗೆ ನುಗ್ಗುತ್ತದೆ.

ಅಂದು ನಾನು ಪೇಟೆಯಲ್ಲಿ ಕಾಯಿಪಲ್ಲೆ ಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತು. ಸೈರನ್ನು ಕೂಗಿತು. ಪೇಟೆಗೆ ಚೆನ್ನಾಗಿಯೇ ಕೇಳಿಸಿತು. ಪೇಟೆ ಎತ್ತರದಲ್ಲಿದೆ, ಅಲ್ಲಿಗೆ ನೀರು ಬರುವ ಭಯವಿಲ್ಲ. ಫೋನಿನಲ್ಲಿ ಸಮಿತಿಯ ಗುಂಪಿಗೆ ಅಧ್ಯಕ್ಷರು ಹಾಕಿದ ಸಂದೇಶ ಬಂತು: ಸೈರನ್ ಮೊಳಗಿಸಲಾಗಿದೆ. ಅದರ ಕೆಳಗೆ ಒಂದರ ಹಿಂದೊಂದು ಹೆಬ್ಬೆರಳು, ಕೈಮುಗಿದ ಚಿತ್ರ, ಯಾರೋ ಒಬ್ಬ ಪುಣ್ಯಾತ್ಮನ ಹೂಗುಚ್ಛ. ನಾನು ಚೀಲ ಅಲ್ಲೇ ಬಿಟ್ಟು ಆಟೋ ಹತ್ತಿದೆ. ನನಗಿದ್ದುದು ಒಂದೇ ಯೋಚನೆ: ಚಿಗವ್ವ ಕುಣಿಯೊಳಗಿದ್ದಾಳೆ.

ಓಣಿಯ ಬಾಯಿಗೆ ಬಂದು ಇಳಿದರೆ ಸೈರನ್ನು ಎಲ್ಲಿ ಹೋಯಿತೋ! ಎರಡೂ ಬದಿಯ ಮನೆಗಳಲ್ಲಿ ಮಗ್ಗ ಭರ್ತಿ ನಡೆದಿದ್ದವು. ಒಬ್ಬರೂ ಹೊರಗಿಲ್ಲ. ಓಣಿಯ ಕೆಳತುದಿಯಲ್ಲಿ ಕೆಂಪು ನೀರು, ಬಿಸಿಲಿಗೆ ಹೊಳೆಯುತ್ತ, ಗಟಾರು ತುಂಬಿ ಮೇಲೆ ಬರುತ್ತಿತ್ತು. ನಾನು ಮೊದಲ ಮನೆಯ ಬಾಗಿಲಲ್ಲಿ ನಿಂತು ಅರಚಿದೆ. ಒಳಗಿನ ಈರಪ್ಪ ನೂಲಿನಿಂದ ಕಣ್ಣು ಕೀಳದೆ, ಒಂದು ಬೆರಳೆತ್ತಿ ತಡೆಯಲು ಹೇಳಿದ. ಮುಂದಿನ ಮನೆಯಲ್ಲಿ ಬೆನ್ನು ಮಾತ್ರ ಕಂಡಿತು. ಸಮಿತಿಯವರು ಕೊಟ್ಟ ಪ್ಲಾಸ್ಟಿಕ್ ಸೀಟಿ ಪರ್ಸಿನಲ್ಲಿತ್ತು, ಊದಿದೆ. ನನ್ನ ಕೆನ್ನೆ ಉಬ್ಬಿದ್ದೇ ಬಂತು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿ ಗಟ್ಟಿಯಾದ ನನ್ನ ದನಿಗೆ ಅಂದು ಸಿಕ್ಕ ಮರ್ಯಾದೆ ಅಷ್ಟೇ. ಮನೆ ಮನೆಗೆ ನುಗ್ಗಿ ಭುಜ ಅಲುಗಾಡಿಸುತ್ತ ಹೋದರೆ ಕೆಳತುದಿ ಮುಟ್ಟುವುದು ಯಾವಾಗ? ಒಬ್ಬಳೇ ಅವಳನ್ನು ಕುಣಿಯಿಂದ ಎತ್ತುವುದು ನನ್ನಿಂದ ಆಗದ ಮಾತು.

ಆಗ ಲೈನಮನ್ ಮಾರುತಿಯ ನೆನಪಾಯಿತು. ನೇಕಾರರ ಓಣಿಯಲ್ಲಿ ಮಗನ ನಂಬರು ನೆನಪಿಲ್ಲದವರಿಗೂ ಲೈನಮನ್ ನಂಬರು ಬಾಯಿಪಾಠ. ಅವನು ನನ್ನ ಕೈಯಲ್ಲಿ ಕಲಿತವನು.

"ಮಾರುತಿ, ಹಳ್ಳದ ಓಣಿ ಕರೆಂಟ್ ತಗೀ."

"ಯಾಕ್ರೀ ಅಕ್ಕೋರ? ಆರ್ಡರ್ ಇಲ್ಲದ ಹೆಂಗ ತಗೀಲ್ರಿ? ನೌಕರಿ ಹೋಗ್ತೈತ್ರಿ."

"ಓಣ್ಯಾಗ ನೀರ್ ಬಂದೈತೋ! ಮೋಟರ್ ನಡದಾವ, ಮಂದಿ ಒಳಗದಾರ. ಹೆಣ ಬಿದ್ರ ಯಾರ್ ನೌಕರಿ ಉಳೀತೈತಿ? ತಗೀಲೇ!"

ಅವನು ಫೋನಿಟ್ಟ. ಸ್ವಲ್ಪ ಹೊತ್ತಿಗೆ ಇಡೀ ಓಣಿಯ ಮಗ್ಗ ಒಮ್ಮೆಲೆ ನಿಂತವು.

ಮುಂದೆ ನಡೆದದ್ದನ್ನು ನಮ್ಮ ಕಡೆಯವರಿಗೆ ವಿವರಿಸುವ ಅಗತ್ಯವಿಲ್ಲ. ಮಗ್ಗ ನಡೆಯುವಾಗ ಕರೆಂಟು ಹೋದರೆ ನೇಕಾರ ಮೊದಲು ಮಾಡುವ ಕೆಲಸ, ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಕರೆಂಟಿನವರ ಮನೆತನವನ್ನು ಜಾಲಾಡುವುದು. ಗಂಡಸರು, ಹೆಂಗಸರು, ಬನಿಯನ್ನಿನವರು, ಕೈಯಲ್ಲಿ ಕಂಡಿಕಿ ಹಿಡಿದವರು, ಎಲ್ಲ ಮನೆಗಳಿಂದ ದಬದಬ ಹೊರಬಿದ್ದರು. "ಯಾವ ಸೂಳೀಮಗನೋ ಅಂವಾ ತಗದಾಂವಾ!" ಎಂದು ಈರಪ್ಪನ ದನಿ ಎಲ್ಲಕ್ಕಿಂತ ಮೇಲಿತ್ತು. ಅಷ್ಟು ತರಬೇತಿ, ಅಷ್ಟು ಚೀಟಿ, ಅಷ್ಟು ಸುಸಲಾ ಮಿರ್ಚಿಯಿಂದ ಆಗದ ಸಮುದಾಯದ ಸಹಭಾಗಿತ್ವ ಒಂದೇ ಬೈಗುಳದಲ್ಲಿ ಆಗಿಹೋಯಿತು. ನಾನು ಕೈಮಾಡಿ ಕೆಳತುದಿ ತೋರಿಸಿದೆ. ಓಣಿಯವರು ನೋಡಿದರು. ಬೈಗುಳ ನಿಂತಿತು.

ಆ ನಿಶ್ಶಬ್ದದಲ್ಲಿ ಒಂದು ಸದ್ದು ಮಾತ್ರ ಉಳಿಯಿತು. ಕಟ್ಟಕಡೆಯ ಮನೆಯಿಂದ, ಖಟ್, ಖಟ್ ಎಂದು, ನಿಧಾನಕ್ಕೆ. ಕರೆಂಟಿನ ಹಂಗಿಲ್ಲದ ಮಗ್ಗ ಅದೊಂದೇ.

"ಆಯಿ ಒಳಗದಾಳ!" ಎಂದು ಈರಪ್ಪನ ಎದುರುಮನೆಯ ಹುಸೇನಸಾಬ ಓಡಿದ. ಅವನ ಹಿಂದೆ ಈರಪ್ಪ ಓಡಿದ. ಈ ಇಬ್ಬರು ಒಂದು ಗಟಾರಿನ ಜಗಳದಲ್ಲಿ ಮಾತು ಬಿಟ್ಟು ವರ್ಷವಾಗಿತ್ತು. ಗಟಾರು ಯಾರ ಮನೆಯ ಮುಂದೆ ತಿರುಗಬೇಕೆಂದು ನಡೆದ ಆ ಜಗಳದ ಮೇಲೆ ಈಗ ಹೊಳೆಯ ನೀರೇ ಹರಿಯುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿ ಹಿಂದೆ ಬಿದ್ದೆ. ಜಾಕೆಟ್ಟು ಮನೆಯ ಗೂಟದಲ್ಲಿ ಸುಖವಾಗಿತ್ತು.

ಚಿಗವ್ವನ ಮನೆಯ ಹೊಸ್ತಿಲು ದಾಟಿದ ನೀರು ಕುಣಿಗೆ ಸುರಿಯುತ್ತಿತ್ತು. ಅವಳು ತೊಡೆಯವರೆಗೆ ನೀರಿನಲ್ಲಿ ಕೂತು ನೇಯುತ್ತಿದ್ದಳು. ಎಷ್ಟೋ ಹೊತ್ತು ಕೂಗಿ ಕೂಗಿ ಸಾಕಾಗಿ, ಯಾರೂ ಬಾರದೆ, ತಾನಾಗಿ ಏಳಲು ಬಾರದೆ, ಕೊನೆಗೆ ನೇಯುತ್ತ ಕೂತಳಂತೆ. ನಮ್ಮನ್ನು ಕಂಡು ಲಾಳಿ ನಿಲ್ಲಿಸಿದಳು. ಬೈದಳು. "ನಿಮಗ ಇಷ್ಟೊತ್ತಿಗೆ ಹೊತ್ತ ಮೂಡೇತೇನು?" ನನಗೆ ಅಳು ತಡೆಯಲಾಗಲಿಲ್ಲ. ಮಗ್ಗದ ಮನೆಯವರಿಗೆ ಗದ್ದಲದ ನಡುವೆ ಮಾತಾಡಲು ಕೈಸನ್ನೆಯ ಭಾಷೆಯೇ ಒಂದಿದೆ. ಅದರಲ್ಲಿ, ಏಳು, ಹೋಗೋಣ ಎಂದೆ. ಅವಳು ಮಗ್ಗದ ಮೇಲಿನ ಸೀರೆ ತೋರಿಸಿ ತಲೆಯಾಡಿಸಿದಳು. ಸೆರಗು ಬಾಕಿ ಇತ್ತು. ಮುಗಿಯದ ಸೀರೆಗೆ ಕತ್ತರಿ ಹಾಕುವುದು ನಮ್ಮಲ್ಲಿ ಆಡಬಾರದ ಮಾತು. ಈರಪ್ಪ ಅವಳ ಕಣ್ಣೆದುರೇ ಕತ್ತರಿಸಿ, ಸುತ್ತಿ, ಅವಳ ಕಂಕುಳಿಗೆ ತುರುಕಿದ.

ಇಬ್ಬರೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಎತ್ತಿದರೂ ಮಾತು ಬಿಟ್ಟದ್ದು ಬಿಟ್ಟದ್ದೇ.

"ಅಕ್ಕೋರ, ಎಡಕ್ಕ ಕಲ್ಲೈತಿ ಅಂತ ಅಂವಂಗ ಹೇಳ್ರಿ" ಎಂದ ಈರಪ್ಪ.

"ನಂಗೂ ಕಣ್ಣದಾವ ಅಂತ ಹೇಳ್ರಿ ಇಂವಂಗ" ಎಂದ ಹುಸೇನಸಾಬ.

ಮೊಣಕಾಲು ಮೀರಿದ ನೀರಿನಲ್ಲಿ ಇಬ್ಬರ ನಡುವೆ ದುಭಾಷಿಯಾಗಿ ನಾನು. ಚಿಗವ್ವ ಮೇಲೆ ಕೂತು ಇಬ್ಬರ ತಲೆಯನ್ನೂ ಒಂದೊಂದು ಕೈಯಲ್ಲಿ ಹಿಡಿದಿದ್ದಳು. ಓಣಿಯ ಉಳಿದವರು ಮೋಟಾರು ಬಿಚ್ಚುವ ಆಸೆ ಬಿಟ್ಟು ಮಕ್ಕಳನ್ನು, ಮುದುಕರನ್ನು ಹೊತ್ತು ಶಾಲೆಗೆ ನಡೆದಿದ್ದರು. ಸಂಜೆಯೊಳಗೆ ಚಿಗವ್ವನ ಮನೆಯ ಹಿತ್ತಿಲ ಗೋಡೆ ಕುಸಿದು ಕುಣಿಯೊಳಗೆ ಬಿತ್ತೆಂದು ಸುದ್ದಿ ಬಂತು. ನಾನು ಅವಳ ಒದ್ದೆ ಕಾಲುಗಳನ್ನು ನನ್ನ ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದೆ. ಹಿಮ್ಮಡಿಯ ಬಿರುಕು ಹಾಗೆಯೇ ಇತ್ತು.

ನೀರು ಇಳಿಯಿತು. ಮಾರುತಿಗೆ ಆರ್ಡರ್ ಇಲ್ಲದೆ ಕರೆಂಟು ತೆಗೆದದ್ದಕ್ಕೆ ಮೇಲಿನವರು ಕಾರಣ ಕೇಳಿದರು. ಸೈರನ್ನಿಗೆ ಪ್ರಶಸ್ತಿ ಬಂತು.

ಹೌದು, ನೀವು ಓದಿದ್ದು ಸರಿಯಾಗಿದೆ. ಸೈರನ್ನು ಕೂಗಿತ್ತು, ಒಂದೂ ಜೀವ ಹೋಗಿರಲಿಲ್ಲ. ಆದ್ದರಿಂದ ಸೈರನ್ನಿನಿಂದಲೇ ಜೀವ ಉಳಿಯಿತು ಎಂಬುದು ಮೇಲಿನ ಲೆಕ್ಕ. ಜಮಖಂಡಿಯ ಒಂದು ಸಭಾಭವನದಲ್ಲಿ ಸನ್ಮಾನ. ವೇದಿಕೆಯ ಮೇಲೆ ಅಧ್ಯಕ್ಷರು, ತರಬೇತಿಯ ಸಾಹೇಬರು, ಸೈರನ್ನು ಒದಗಿಸಿದ ಗುತ್ತಿಗೆದಾರರು, ಅವರಿಗೆ ಗೊತ್ತಿದ್ದವರು. ನಮ್ಮ ಓಣಿಯವರು ಟೆಂಪೋದಲ್ಲಿ ಬಂದು, ಕುರ್ಚಿ ಸಿಗದೆ ಹಿಂದೆ ಬಾಗಿಲ ಬಳಿ ನಿಂತಿದ್ದರು. ಈರಪ್ಪ, ಹುಸೇನಸಾಬ ಅಲ್ಲೇ, ನಡುವೆ ಒಬ್ಬರನ್ನು ಬಿಟ್ಟು. ಮಾರುತಿ ಅವರಿಗಿಂತಲೂ ಹಿಂದೆ. ಸಹಭಾಗಿತ್ವದ ಫಲಾನುಭವಿ ಎಂದು ಚಿಗವ್ವನನ್ನು ಮಾತ್ರ ಗಾಲಿಕುರ್ಚಿಯಲ್ಲಿ ವೇದಿಕೆಗೆ ಏರಿಸಿದರು. ದುಭಾಷಿಯಾಗಿ ಮತ್ತೆ ನಾನೇ.

ಸಾಹೇಬರು ಅವಳ ಮುಂದೆ ಮೈಕು ಹಿಡಿದರು. "ಹೇಳಿ ಅಜ್ಜಿ, ಸೈರನ್ ಕೇಳಿದ ಕೂಡಲೇ ನೀವು ಏನು ಮಾಡಿದಿರಿ?"

ನಾನು ಪ್ರಶ್ನೆಯನ್ನು ಒಂದು ಕೂದಲೆಳೆ ತಪ್ಪದಂತೆ ಕೈಸನ್ನೆಯಲ್ಲಿ ಹೇಳಿದೆ. ಚಿಗವ್ವ ನನ್ನನ್ನೂ ಸಾಹೇಬರನ್ನೂ ಒಮ್ಮೆ ನೋಡಿದಳು.

"ಕಿವುಡಿಗೆ ಎಂಥಾ ಸೈರನ್ನೋ ತಮ್ಮಾ" ಎಂದಳು. "ನನ್ನ ಹೊತಗೊಂಡ ಬಂದ್ರು."

ಜನ ನಕ್ಕರು. ಸಾಹೇಬರೂ ನಕ್ಕು ಮೈಕು ಹಿಂದಕ್ಕೆ ತೆಗೆದುಕೊಳ್ಳಹೋದರು. ಚಿಗವ್ವ ಬಿಡಲಿಲ್ಲ. ವೇದಿಕೆಯ ಕುರ್ಚಿಗಳನ್ನು ಒಂದು ಕಡೆಯಿಂದ ನೋಡುತ್ತ ಬಂದಳು, ಆಮೇಲೆ ಬಾಗಿಲ ಕಡೆ ಕೈ ಮಾಡಿದಳು.

"ಹೊತ್ತವ್ರು ಅಲ್ಲಿ ನಿಂತಾರ. ಇಲ್ಲಿ ಕುಂತವ್ರು ಯಾರು?"

ಅಧ್ಯಕ್ಷರು ಸನ್ನೆ ಮಾಡಿದರು, ಮೈಕು ಬಂದಾಯಿತು. ಮೈಕು ಬಂದಾದದ್ದು ಕಿವಿ ಕೇಳದವಳಿಗೆ ಹೇಗೆ ಗೊತ್ತಾಗಬೇಕು? ತನ್ನ ಮಾತಿಗೆ ಯಾರೂ ಉತ್ತರ ಕೊಡದೆ ಕೂತದ್ದು ಮಾತ್ರ ಅವಳಿಗೆ ಕಾಣುತ್ತಿತ್ತು. ಮಗ್ಗಗಳ ನಡುವೆ ಬದುಕಿದ ಹೆಂಗಸು, ಎದೆತುಂಬ ಉಸಿರು ಎಳೆದುಕೊಂಡು, ಅದನ್ನೇ ಇನ್ನೊಮ್ಮೆ ಕೇಳಿದಳು. ಭವನದ ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ತಿರುಗಿ ನೋಡಿದರು.